ಬಿದ್ದವನು ಮತ್ತು ಅಡ್ಡಬಿದ್ದವನು

ಕೇಳಿರಿ, ಆತ್ಮಬಂಧುಗಳೇ! ಕೈಯಲ್ಲಿರುವ ಕೆಲಸವನ್ನು ಒಂದು ಗಳಿಗೆ ಪಕ್ಕಕ್ಕಿಟ್ಟು, ಕಿವಿಯನ್ನಷ್ಟೇ ಅಲ್ಲ, ಮನಸ್ಸನ್ನೂ ಇತ್ತ ತಿರುಗಿಸಿರಿ. ವೃತ್ತಿಯಿಂದ ಗಡಿಯಾರ ದುರಸ್ತಿಗಾರನೂ ಭಕ್ತಿಯಿಂದ ಪ್ರವಚನಕಾರನೂ ಆದ ನಾನು, ನನ್ನ ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಎದೆ ತಟ್ಟಿ ಸಾರಿದೆ: "ಐವತ್ತು ವರ್ಷ ಯಂತ್ರಗಳನ್ನು ತಿದ್ದಿದವನು ನಾನು. ನನ್ನನ್ನು ತಿದ್ದುವ ಯಂತ್ರ ಇನ್ನೂ ಹುಟ್ಟಿಲ್ಲ!"

ಹುಟ್ಟಿತ್ತು. ಮಗಳ ಕೈಚೀಲದಲ್ಲಿಯೇ ಇತ್ತು.

ಮಗಳು ಆಸ್ಪತ್ರೆಯಲ್ಲಿ ದಾದಿ. ಅವಳ ಮನೆ ಎರಡು ಬೀದಿ ಆಚೆ. ಡಬ್ಬಿಯ ಮುಚ್ಚಳದಂಥ ಬಿಳಿಯ ವಸ್ತುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು, "ಅಪ್ಪಾ, ಇದು ಸೆನ್ಸರ್. ಕೋಣೆಗೊಂದು," ಎಂದಳು.

ನನ್ನ ಕಿವಿಗೆ ಅದು 'ಸೆನ್ಸಾರ್' ಎಂದು ಕೇಳಿಸಿತು. "ನನ್ನ ಪ್ರವಚನಕ್ಕೆ ಕತ್ತರಿ ಹಾಕಲು ಇವರು ಯಾರು?" ಎಂದು ಗುಡುಗಿದೆ.

"ಹಾಗೇನಾದ್ರೂ ಇದ್ದಿದ್ರೆ ನಾನೇ ಎಂದೋ ಎರಡು ತರಿಸ್ತಿದ್ದೆ," ಎಂದಳು ನನ್ನ ಹೆಂಡತಿ.

"ಮಾತು ಕೇಳಲ್ಲ, ಫೋಟೋ ತೆಗೆಯಲ್ಲ ಅಪ್ಪಾ. ನೀವು ಓಡಾಡ್ತಿದ್ದೀರಾ, ಬಿದ್ದಿದ್ದೀರಾ, ಅಷ್ಟೇ ಅದಕ್ಕೆ ಗೊತ್ತಾಗೋದು. ಬಿದ್ರೆ ನನ್ನ ಫೋನಿಗೆ ಸುದ್ದಿ ಬರುತ್ತೆ."

"ಪ್ರಾರ್ಥನೆಯ ಕೋಣೆಗೆ ಮಾತ್ರ ಬೇಡ! ಅಲ್ಲಿ ನಾನು, ನನ್ನ ದೇವರು, ಇಬ್ಬರೇ!"

"ಮೇಲಿರೋನು ಎಲ್ಲಾ ನೋಡ್ತಾನೆ ಅಂತ ಊರಿಗೆಲ್ಲ ಹೇಳ್ತೀರಿ," ಎಂದಳು ಹೆಂಡತಿ. "ಈಗ ಮೇಲಿರೋದು ನೋಡಿದ್ರೆ ಯಾಕ್ರೀ ಸಿಟ್ಟು?"

ಯಂತ್ರ ಛಾವಣಿಗೇರಿತು. ಒಂದು ಹಕ್ಕನ್ನು ಮಾತ್ರ ನಾನು ಬಿಟ್ಟುಕೊಡಲಿಲ್ಲ: ಬೆಳಗ್ಗೆ ಆರರಿಂದ ಏಳರವರೆಗೆ ಆ ಕೋಣೆಗೆ ಒಳಗಿನಿಂದ ಚಿಲಕ. ಮಗಳು ಕಣ್ಣು ಕಿರಿದಾಗಿಸಿ ಹೇಳಿದಳು: "ಆಯ್ತು. ಆದ್ರೆ ಒಂದೇ ಒಂದು ಸಲ ಅನಾಹುತ ಆದ್ರೂ ಚಿಲಕ ಅಲ್ಲ, ಬಾಗಿಲನ್ನೇ ಕೀಳಿಸ್ತೀನಿ."

ಬಂಧುಗಳೇ, ಆ ಬಾಗಿಲು ನನಗೆ ಬರಿಯ ಹಲಗೆಯಲ್ಲ. ಇಪ್ಪತ್ತಮೂರು ಗಂಟೆ ಗಂಡನೂ ಅಪ್ಪನೂ ಪ್ರವಚನಕಾರನೂ ಆಗಿ ದಣಿದವನು, ಅದರ ಹಿಂದೆ ಒಂದು ಗಂಟೆ ಯಾರೂ ಅಲ್ಲದವನಾಗಿ ಸುಖವಾಗಿರುತ್ತೇನೆ.

ಮರುದಿನ ಆರಕ್ಕೆ ಸರಿಯಾಗಿ ಚಿಲಕ ಹಾಕಿದೆ. ಎಂದಿನಂತೆ ನೆಲಕ್ಕೆ ಹಣೆ ಹಚ್ಚಿ ದೇವರಿಗೆ ಉದ್ದಕ್ಕೆ ಅಡ್ಡಬಿದ್ದೆ. ಹೊರಗೆ ಹೆಂಡತಿಯ ಫೋನು ಹೊಡೆದುಕೊಂಡಿತು. ಅವಳು ಸದಾ ಲೌಡ್‌ಸ್ಪೀಕರಿನಲ್ಲೇ ಮಾತಾಡುವವಳಾದ್ದರಿಂದ ಎಲ್ಲವೂ ನನಗೆ ಕೇಳಿಸಿತು.

"ಅಮ್ಮಾ, ಅಪ್ಪ ಬಿದ್ದಿದ್ದಾರಾ?"

"ಹೂಂ, ಬಿದ್ದಿದ್ದಾರೆ." ಅವಳ ದನಿಯಲ್ಲಿ ಪರಮ ಶಾಂತಿ!

"ಅಯ್ಯೋ! ಯಾವಾಗ?"

"ಆರು ಗಂಟೆಗೆ. ದಿನಾ ಬೀಳ್ತಾರಲ್ಲ."

"ದಿನಾನಾ? ನಂಗ್ಯಾಕೆ ಹೇಳಿಲ್ಲ? ಮೊದಲು ಎಬ್ಬಿಸಮ್ಮಾ!"

"ಎಬ್ಬಿಸಿದ್ರೆ ಬೈತಾರೆ."

"ಮಾತಾಡ್ತಿದ್ದಾರಾ?"

"'ನನ್ನನ್ನು ಕರೆದುಕೋ ತಂದೇ' ಅಂತಿದ್ರು. ಈಗ ಸದ್ದಿಲ್ಲ."

ನಾನು ಕೂಗಿ ಹೇಳಬಹುದಿತ್ತು. ಆದರೆ ದೇವರೊಡನೆ ಮಾತಾಡುತ್ತಿರುವವನು ಫೋನಿಗಾಗಿ ಮೌನ ಮುರಿಯುವುದುಂಟೇ? ಹತ್ತೇ ನಿಮಿಷ! ಮಗಳು, ಸ್ಟ್ರೆಚರ್ ಹಿಡಿದ ಆಂಬುಲೆನ್ಸಿನವರಿಬ್ಬರು, ಕೊರಳಲ್ಲಿ ಅಳತೆಯ ಟೇಪು ನೇತುಬಿಟ್ಟುಕೊಂಡೇ ಓಡಿಬಂದ ಪಕ್ಕದ ಮನೆಯ ಟೈಲರಮ್ಮ, ಎಲ್ಲರೂ ಹೊರಗೆ ಜಮಾಯಿಸಿದರು. ಸ್ಟ್ರೆಚರಿನವರು ಭುಜ ಕೊಟ್ಟು ಬಾಗಿಲನ್ನು ನೂಕುವುದಕ್ಕೂ, ಗದ್ದಲ ತಾಳಲಾರದೆ ನಾನು ಚಿಲಕ ತೆಗೆಯುವುದಕ್ಕೂ ಸರಿಹೋಯಿತು. ಇಬ್ಬರೂ ಒಳಕ್ಕೆ ನುಗ್ಗಿ ನನ್ನ ಪಾದಮೂಲದಲ್ಲಿ ಮಕಾಡೆ ಬಿದ್ದರು. ಮಗಳ ಫೋನು ಮತ್ತೆ ಕೂಗಿಕೊಂಡಿತು!

"ನಾನು ಬಿದ್ದಿರಲಿಲ್ಲ! ಅಡ್ಡಬಿದ್ದಿದ್ದೆ!"

"ಆ ಯಂತ್ರಕ್ಕೆ ಅಡ್ಡಾನೂ ಗೊತ್ತಿಲ್ಲ, ಉದ್ದಾನೂ ಗೊತ್ತಿಲ್ಲ ಅಪ್ಪಾ," ಎಂದ ಮಗಳು ಬಾಗಿಲಿನ ತಿರುಗಣಿಗಳನ್ನು ಎಣಿಸುತ್ತಾ, "ಅಮ್ಮಾ, ಸ್ಕ್ರೂಡ್ರೈವರ್ ಎಲ್ಲಿದೆ?" ಎಂದಳು.

"ಗೊತ್ತಿಲ್ಲದಿದ್ದರೆ ಅದಕ್ಕೆ ಕಲಿಸೋಣ!" ಎಂದು ಅಂಗಲಾಚಿದೆ.

ಅಂದೇ ಸಂಜೆ ಎಲೆಕ್ಟ್ರಿಷಿಯನ್ ಬಂದ. "ಕಲಿಸಬಹುದು ಯಜಮಾನ್ರೇ. ಆದ್ರೆ..."

"ಆದರೆ ಗೀದರೆ ಬೇಡ! ಆರರಿಂದ ಏಳರವರೆಗೆ ಈ ಕೋಣೆಯಲ್ಲಿ ಮನುಷ್ಯ ನೆಲದ ಮೇಲಿದ್ದರೆ ಅದು ಪ್ರಾರ್ಥನೆ. ಹಾಗೆಂದು ಅದರ ತಲೆಗೆ ತುಂಬಪ್ಪಾ!"

ತುಂಬಿದ. ಮರುದಿನದಿಂದ ಮಗಳ ಫೋನಿಗೆ ಒಂದೇ ಸುದ್ದಿ: 'ಅಪ್ಪ ಪ್ರಾರ್ಥನೆಯಲ್ಲಿದ್ದಾರೆ.' ಆ ವಾರದ ನನ್ನ ಪ್ರವಚನದ ವಿಷಯ, 'ಯಂತ್ರಕ್ಕೂ ಭಕ್ತಿ ಕಲಿಸಿದ ಬಗೆ'. ಎರಡು ಗಂಟೆ ಮಾತಾಡಿದೆ!

ಹನ್ನೊಂದನೆಯ ದಿನ. ಪ್ರಾರ್ಥನೆಯ ನಡುವೆ ಮೊದಲು ಬಿದ್ದದ್ದು ನನ್ನ ಕಣ್ಣು, ಗೋಡೆಯ ಗಡಿಯಾರದ ಮೇಲೆ. ಏಳು ನಿಮಿಷ ಹಿಂದೆ! ಗಡಿಯಾರ ದುರಸ್ತಿಗಾರನ ಮನೆಯಲ್ಲಿ! ಮೂಲೆಯ ಸ್ಟೂಲನ್ನು ಎಳೆದುಕೊಂಡೆ. "ಅದಕ್ಕೆ ಒಂದು ಕಾಲು ಗಿಡ್ಡ, ಹತ್ತಬೇಡಿ ಅಂದ್ರೆ ಹತ್ತಬೇಡಿ," ಎಂದು ತಿಂಗಳಿಂದ ಹೇಳುತ್ತಿದ್ದಳು ಮನೆಯಾಕೆ. ಗಿಡ್ಡಗಾಲಿನ ಅಡಿಗೆ ನಾನೇ ರಟ್ಟು ಮಡಚಿ ಇಟ್ಟಿದ್ದೆ. ನಾನು ಮಾಡಿದ ರಿಪೇರಿ ಎಂದಾದರೂ ಕೈಕೊಟ್ಟದ್ದುಂಟೇ?

ಕೈಕೊಟ್ಟಿತು, ಕಾಲನ್ನೂ ತೆಗೆದುಕೊಂಡಿತು. ಸ್ಟೂಲು, ಗಡಿಯಾರ, ನಾನು, ಇದೇ ಕ್ರಮದಲ್ಲಿ ಧರೆಗಿಳಿದೆವು. ಬಲಗಾಲು ಸ್ಟೂಲಿನ ಪಟ್ಟಿಗಳ ನಡುವೆ ಸಿಕ್ಕಿಕೊಂಡು ಕಣಕಾಲು ಊದತೊಡಗಿತು. ಮೇಲೆ ನೋಡಿದೆ. ಯಂತ್ರದ ಹಸಿರು ದೀಪ ಭಕ್ತಿಯಿಂದ ಮಿನುಗುತ್ತಿತ್ತು. ಮಗಳಿಗೆ ಹೋದ ಸುದ್ದಿ ಏನೆಂದು ಬಿಡಿಸಿ ಹೇಳಬೇಕೇ?

"ದೇವರೇ, ಕಾಪಾಡು!" ಎಂದು ಕೂಗಿದೆ.

ಹೆಂಡತಿ ಅಡುಗೆಮನೆಯ ಕಿಟಕಿಯಿಂದ ಟೈಲರಮ್ಮನಿಗೆ ಹೇಳುವುದು ಕೇಳಿಸಿತು: "ಇವತ್ತು ಭಕ್ತಿ ಜೋರಾಗಿದೆ."

"ಬಿದ್ದಿದ್ದೇನೆ! ಕೈಹಿಡಿದು ಎತ್ತು!"

"ಇದು ದಿನಾ ಇದ್ದದ್ದೇ."

"ನೋವು ತಾಳಲಾರೆ, ಬೇಗ ಬಾ!"

"ಕೊನೆಕೊನೆಗೆ ಸ್ವಲ್ಪ ಅಳ್ತಾರೆ ಕೂಡ, ಪಾಪ."

ಬಂಧುಗಳೇ, ಗಟ್ಟಿಮುಟ್ಟಾಗಿದ್ದ ನಲವತ್ತು ವರ್ಷ ಆರ್ತನ ಮಾತುಗಳನ್ನೆಲ್ಲ ಧಾರಾಳವಾಗಿ ಬಳಸಿ ಸವೆಸಿಬಿಟ್ಟಿದ್ದೆ. ನಿಜವಾಗಿ ಬಿದ್ದ ದಿನ ಒಂದು ಮಾತೂ ಉಳಿದಿರಲಿಲ್ಲ! ಈ ಮನೆಯಲ್ಲಿ ನನ್ನ ಬಾಯಿಂದ ಎಂದೂ ಹೊರಡದ ಮಾತು ಯಾವುದಾದರೂ ಇದೆಯೇ ಎಂದು ಹುಡುಕಿದೆ. ಒಂದಿತ್ತು. ಕಣ್ಣುಮುಚ್ಚಿ ಕೂಗಿದೆ:

"ನೀನು ಹೇಳಿದ್ದೇ ಸರಿ ಕಣೇ! ತಪ್ಪು ನನ್ನದು!"

ಅಡುಗೆಮನೆಯಲ್ಲಿ ಪಾತ್ರೆ ಕೈಜಾರಿ ಬಿತ್ತು. ಓಡಿಬರುವ ಸದ್ದು. ಫೋನಿಗೆ ಕಿರುಚುವ ದನಿ: "ಬೇಗ ಬಾರೇ! ಅಪ್ಪನಿಗೆ ಏನೋ ಆಗಿದೆ!"

"ಇಲ್ಲಮ್ಮಾ, ಪ್ರಾರ್ಥನೆಯಲ್ಲಿದ್ದಾರೆ ಅಂತ ತೋರಿಸ್ತಿದೆ."

"ನಿನ್ನ ಯಂತ್ರಕ್ಕಷ್ಟು ಬೆಂಕಿ ಹಾಕ! 'ನೀನು ಹೇಳಿದ್ದೇ ಸರಿ' ಅಂತಿದ್ದಾರೆ ಕಣೇ!"

ಅತ್ತ ಮಗಳು ಚೀರಿದಳು: "ಅಯ್ಯೋ ದೇವರೇ! ಆಂಬುಲೆನ್ಸ್ ಕರೆತರ್ತೀನಿ!"

ಹೆಂಡತಿ ಬಾಗಿಲ ಸಂದಿಗೆ ಬಾಯಿಟ್ಟು, ಅಳುದನಿಯಲ್ಲೇ ಹೇಳಿದಳು: "ರೀ, ಪ್ರಜ್ಞೆ ತಪ್ಪಬಾರದು. ಅವರು ಬರೋ ತನಕ ಅದನ್ನೇ ಹೇಳ್ತಾ ಇರಿ."

ಹೇಳುತ್ತಲೇ ಇದ್ದೆ. ಹದಿನಾಲ್ಕು ನಿಮಿಷ.

ಈಗ ಆ ಕೋಣೆಗೆ ಇರುವುದು ಪರದೆ. ಕಿತ್ತ ಬಾಗಿಲನ್ನು ಎರಡು ಪೆಟ್ಟಿಗೆಗಳ ಮೇಲೆ ಅಡ್ಡಲಾಗಿ ಹಾಸಿ, ಪಟ್ಟಿ ಕಟ್ಟಿದ ಕಾಲನ್ನು ಅದರಡಿ ಚಾಚಿ ಇದನ್ನು ಬರೆಯುತ್ತಿದ್ದೇನೆ. ಯಂತ್ರಕ್ಕೆ ಕಲಿಸಿದ್ದನ್ನು ಮರೆಸಲಾಗಿದೆ. ದಿನವೂ ಅಡ್ಡಬೀಳುವ ಮುನ್ನ ಪರದೆ ಸರಿಸಿ "ಬೀಳುತ್ತಿದ್ದೇನೆ" ಎನ್ನುತ್ತೇನೆ, ಅವಳು ಮಗಳಿಗೆ ತಿಳಿಸುತ್ತಾಳೆ.

ಆದ್ದರಿಂದ, ಛಾವಣಿಯ ಪುಟ್ಟ ಕಣ್ಣಿನ ಮೇಲೆ ಮುನಿದು ಕುಳಿತಿರುವ ನನ್ನ ಸಮವಯಸ್ಕರೇ, ಕೈಮುಗಿದು ಬೇಡುತ್ತೇನೆ. ಅದಕ್ಕೆ ಪಾಠ ಹೇಳಹೋಗದಿರಿ. ಚಿಲಕ ಸಡಿಲಿಸಿರಿ. ಮತ್ತು ಎರಡು ಕಾಲುಗಳ ಮೇಲೆ ಗಟ್ಟಿಯಾಗಿ ನಿಂತಿರುವಾಗಲೇ, ಇಂದೇ, ಅಡುಗೆಮನೆಯ ಬಾಗಿಲಿಗೆ ಹೋಗಿ "ನೀನು ಹೇಳಿದ್ದೇ ಸರಿ" ಎಂದು ಒಮ್ಮೆ ಹೇಳಿಬಿಡಿರಿ. ಮೊದಲ ಸಲ ಆಂಬುಲೆನ್ಸ್ ಬಂದೀತು. ಗಾಬರಿಯಾಗದೆ ವಾಪಸು ಕಳುಹಿಸಿ, ಮರುದಿನವೂ ಹೇಳಿರಿ.