ಹಾವಿಲ್ಲದ ದೇಶದಿಂದ ಹಾವಿನ ಶಾಲೆಗೆ

ಹಾವಿನ ಕತೆ ಹೇಳುವ ಚಪಲವಿದ್ದವರು ನ್ಯೂಜಿಲೆಂಡಿಗೆ ಬಂದು ನೆಲೆಸಬೇಕು. ಇಲ್ಲಿ ಹಾವೇ ಇಲ್ಲ. ಇಲ್ಲಿ ಹುಟ್ಟಿದ ಮಕ್ಕಳು ಅದನ್ನು ಕಂಡಿಲ್ಲ, ಊರಿನಿಂದ ಬಂದ ದೊಡ್ಡವರು ಹೆಚ್ಚುಕಡಿಮೆ ಮರೆತಿದ್ದಾರೆ. ಹಾಗಾಗಿ ಹೇಳುವವನನ್ನು ಪರೀಕ್ಷೆ ಮಾಡುವವರು ಯಾರೂ ಇಲ್ಲ. ಅಪ್ಪರ್ ಹಟ್ ಎಂಬ ನಮ್ಮ ಊರಿನಲ್ಲಿ ಕನ್ನಡದವರು ಯಾರ ಮನೆಯಲ್ಲಿ ಸೇರಿದರೂ, ಬಿರಿಯಾನಿ ದಮ್ಮಿನಲ್ಲಿರುವ ಹೊತ್ತಿಗೆ ಒಬ್ಬರಾದರೂ "ಅಂಕಲ್, ಆ ಆಫ್ರಿಕಾದ ಹಾವಿಂದು ಹೇಳ್ರಿ" ಎನ್ನುತ್ತಿದ್ದರು. ನಾನು "ಏ, ಹಳೇದು ಬಿಡ್ರಿ" ಎನ್ನುತ್ತಲೇ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಳ್ಳುತ್ತಿದ್ದೆ.

ಕತೆ ಇಷ್ಟು. ಮದುವೆಗೆ ಮುಂಚೆ, ರಾಣೆಬೆನ್ನೂರಿನ ಸಾಬರ ಹುಡುಗನಾದ ನಾನು ಜಾಂಬಿಯಾದ ಒಂದು ಕ್ರೈಸ್ತ ಮಿಷನ್ ಶಾಲೆಯಲ್ಲಿ ಮೂರು ವರ್ಷ ಗಣಿತ ಹೇಳಿಕೊಟ್ಟೆ. ಒಂದು ದಿನ ಹಾಡುಹಗಲು, ಪಾಠ ನಡೆದಿರುವಾಗ, ತೊಲೆಯಿಂದ ಮಾರುದ್ದದ ಹಾವೊಂದು ತರಗತಿಯೊಳಗೆ ಬಿತ್ತು. ನಾನು ಮಕ್ಕಳನ್ನೆಲ್ಲ ಹಿಂದೆ ಸರಿಸಿ, ಬೋರ್ಡಿನ ಮೇಲೆ ಗೆರೆ ಎಳೆಯುವ ಮರದ ಪಟ್ಟಿಯಿಂದ ಒಂದೇ ಏಟಿಗೆ ಅದರ ತಲೆ ಜಜ್ಜಿದೆ. ಇದು ನಾನು ಹೇಳುತ್ತಿದ್ದ ಕತೆ. ನಡೆದದ್ದು ಬೇರೆ. ನಾನು ಮೇಜಿನ ಮೇಲೆ ಹತ್ತಿ ನಿಂತು ಗಂಟಲು ಹರಿಯುವಂತೆ ಕಿರುಚಿದೆ. ಶಾಲೆಯ ಅಡುಗೆಯವರಾದ ಬಾ ಗ್ರೇಸ್ (ಅಲ್ಲಿ ಹಿರಿಯರ ಹೆಸರಿಗೆ ಗೌರವದಿಂದ 'ಬಾ' ಸೇರಿಸುತ್ತಾರೆ), ಮೆಕ್ಕೆಜೋಳದ ಮುದ್ದೆ ತಿರುವುವ ಕೋಲು ಹಿಡಿದು ಓಡಿಬಂದು ಹಾವನ್ನು ಕೊಂದರು. ಆಮೇಲೆ ನನ್ನನ್ನು ಕೈಹಿಡಿದು ಕೆಳಗಿಳಿಸಿದವರೂ ಅವರೇ.

ಹೆಂಡತಿ ಹಸೀನಾಳಿಗೆ ಮೊದಲಿನಿಂದಲೂ ಅನುಮಾನ. ಇಲ್ಲಿ ವೇಟಾ ಎಂಬ, ಮಿಡತೆಯ ಜಾತಿಯ ದಪ್ಪ ಹುಳವೊಂದಿದೆ. "ಬಚ್ಚಲದಾಗ ಒಂದು ವೇಟಾ ಕಂಡ್ರ ಸ್ಟೂಲ್ ಏರಿ ನಿಂದರೋರು, ಹಾವ್ ಹೆಂಗ್ ಹೊಡದ್ರೀ?" ಎಂದು ಎಷ್ಟೋ ಸಲ ಕೇಳಿದ್ದಳು. ಅವಳನ್ನು ಹೇಗೋ ನಿಭಾಯಿಸಬಹುದಿತ್ತು. ಮಗಳು ಸನಾ ಮಾತ್ರ ನನ್ನನ್ನು ಪೂರ್ತಿ ನಂಬಿದ್ದಳು. ಹದಿನೇಳರ ಹುಡುಗಿ, ನಾವು ಆಡುವ ಕನ್ನಡವೆಲ್ಲ ತಿಳಿಯುತ್ತದೆ, ಬಾಯಿ ಬಿಟ್ಟರೆ ಇಂಗ್ಲಿಷ್. ಕಳೆದ ವರ್ಷ ಶಾಲೆಯಲ್ಲಿ ನನ್ನ ಧೈರ್ಯದ ಬಗ್ಗೆಯೇ ಭಾಷಣ ಮಾಡಿ ಬಂದಳು. ಈ ವರ್ಷ ರಜೆ ಬಂದದ್ದೇ ತಡ, "ಅಬ್ಬಾ, ಐ ವಾಂಟ್ ಟು ಸೀ ದಟ್ ಕ್ಲಾಸ್‌ರೂಮ್" ಎಂದು ಹಟ ಹಿಡಿದಳು. ಬಿಸಿಲು, ಸೊಳ್ಳೆ, ನನ್ನ ಮಂಡಿನೋವು, ಎಲ್ಲ ಕಾರಣ ಒಡ್ಡಿ ನೋಡಿದೆ. ಯಾವುದೂ ನಡೆಯಲಿಲ್ಲ, ಹಸೀನಾಳೂ ಸೇರಿ ಮೂವರೂ ಹೊರಟೆವು. ವಿಮಾನದಲ್ಲಿ ಅವಳು ನನ್ನ ಭುಜಕ್ಕೆ ಒರಗಿ ನಿದ್ದೆ ಹೋದಳು. ನನಗೆ ರೆಪ್ಪೆ ಕೂಡಲಿಲ್ಲ. ಈ ತಲೆ ಇನ್ನೆಷ್ಟು ದಿನ ನನ್ನ ಭುಜದ ಮೇಲಿರುತ್ತದೋ ಎಂದು ಲೆಕ್ಕ ಹಾಕುತ್ತ ಕೂತೆ.

ಪಾದ್ರಿಗಳು ಬಿಟ್ಟುಹೋಗಿ ಎಷ್ಟೋ ಕಾಲವಾಗಿದೆ. ಈಗ ಶಾಲೆಯನ್ನು ಊರಿನವರೇ ನಡೆಸುತ್ತಾರೆ. ಉಳಿದದ್ದೆಲ್ಲ ಹಾಗೇ ಇತ್ತು. ಗಂಟೆಯೆಂದು ತೂಗುಹಾಕಿದ ಅದೇ ರೈಲುಕಂಬಿಯ ತುಂಡು, ಕೈಪಂಪಿನ ಮುಂದೆ ಅದೇ ಬಕೆಟ್ಟುಗಳ ಸಾಲು. ಆ ಸಾಲಿನಲ್ಲಿ, ಅಯ್ಯೋ ನನ್ನ ಕರ್ಮವೇ, ಬಾ ಗ್ರೇಸ್ ನಿಂತಿದ್ದರು. ಕೂದಲು ಬೆಳ್ಳಗಾಗಿತ್ತು, ರಟ್ಟೆ ಮಾತ್ರ ಹಾಗೇ ಇತ್ತು.

ಸನಾ ಕಾಣುವುದಕ್ಕೆ ಮುಂಚೆ ಅವರ ಬಾಯಿಗೆ ಬೀಗ ಹಾಕಬೇಕೆಂದು ಓಡಿದೆ. ಆದರೆ ಆ ಊರಿನಲ್ಲಿ ಕುಶಲ ಕೇಳದೆ ಕೆಲಸದ ಮಾತೆತ್ತುವ ಹಾಗಿಲ್ಲ. ಅವರು ಮಂಡಿ ಬಗ್ಗಿಸಿ, ಬೊಗಸೆ ಮಾಡಿದ ಕೈಗಳಿಂದ ಮೆತ್ತಗೆ ಚಪ್ಪಾಳೆ ತಟ್ಟಿ, ಹೇಗೆ ಎದ್ದಿರಿ, ಮನೆಯವರು ಹೇಗೆ ಎದ್ದರು, ನಿಮ್ಮ ದೇಶದ ಮಳೆ ಹೇಗಿದೆ ಎಂದು ನಿಧಾನವಾಗಿ ಶುರುಮಾಡಿದರು. ಸನಾ ಆಗಲೇ ಅಂಗಳ ದಾಟಿ ಬರುತ್ತಿದ್ದಳು. ನಾನು ಮಳೆಯ ಬಗ್ಗೆ ಹೇಳುತ್ತಿದ್ದೆ, ಅವರು ದನಗಳ ಬಗ್ಗೆ ಕೇಳಿದರು. ದನ ಇಲ್ಲ ಎಂದೆ. ಅವರಿಗೆ ನಿಜವಾಗಿಯೂ ದುಃಖವಾಗಿ, ದನ ಏನಾದವು ಎಂದು ವಿಚಾರಿಸತೊಡಗಿದರು. ಕೊನೆಗೆ ತಡೆಯಲಾರದೆ, "ಬಾ ಗ್ರೇಸ್, ಹಾವು ಕೊಂದದ್ದು ನಾನೇ ಎಂದು ಮಗಳಿಗೆ ಹೇಳಿಬಿಟ್ಟಿದ್ದೇನೆ, ಮಾನ ಕಾಪಾಡಿ" ಎಂದು ಒಂದೇ ಉಸಿರಿಗೆ ಒದರಿದೆ. ಅವರು ನನ್ನನ್ನು ನೋಡಿದರು, ಬರುತ್ತಿದ್ದ ಹುಡುಗಿಯನ್ನು ನೋಡಿದರು. "ನಾನು ಅಡುಗೆಯವಳು. ಹಾವಿನ ವಿಷಯ ನನಗೇನು ಗೊತ್ತು?" ಎಂದು ಬಕೆಟ್ ತಲೆಯ ಮೇಲೆ ಎತ್ತಿಕೊಂಡು ಹೊರಟೇಬಿಟ್ಟರು. ಅವರ ಕಾಲಿಗೆ ಬೀಳುವುದೊಂದು ಬಾಕಿ.

ಮಧ್ಯಾಹ್ನ ಹೆಡ್‌ಮಿಸ್ಟ್ರೆಸ್ ಲೂಸಿ ನಮ್ಮನ್ನು ಅದೇ ತರಗತಿಗೆ ಕರೆದೊಯ್ದರು. ಅವರು ನಾನು ಬಿಟ್ಟ ಮೇಲೆ ಬಂದವರು; ಭಯವಿಲ್ಲ ಎಂದುಕೊಂಡು ಮೊದಲ ಬೆಂಚಿನಲ್ಲಿ ಕಾಲು ಚಾಚಿ ಕುಳಿತೆ. ಅವರು ಸನಾಳ ಕಡೆ ತಿರುಗಿ, "ನಿಮ್ಮ ತಂದೆ ಕಲಿಸಿದ್ದನ್ನು ನಾವು ಇವತ್ತಿಗೂ ಬಿಟ್ಟಿಲ್ಲ. ಹಾವು ಕಂಡರೆ ಏನು ಮಾಡಬೇಕೆಂದು ಪ್ರತಿ ಮಗುವಿಗೂ ಗೊತ್ತು" ಎಂದರು. ನನಗೆ ಏನೂ ಅರ್ಥವಾಗಲಿಲ್ಲ. ಅವರು ಕೈತಟ್ಟಿ "ಹಾವು!" ಎಂದು ಕೂಗಿದರು.

ಐವತ್ತು ಮಕ್ಕಳು ಧಡಧಡನೆ ಬೆಂಚು ಹತ್ತಿ, ಎರಡೂ ಕೈ ಮೇಲೆತ್ತಿ, ಒಂದೇ ದನಿಯಲ್ಲಿ ಕಿರುಚಿದರು:

"ಅಯ್ಯಯ್ಯೋ ಯವ್ವಾ! ಸತ್ನಪ್ಪೋ!"

ಅಪ್ಪಟ ರಾಣೆಬೆನ್ನೂರಿನ ಕನ್ನಡ. ದನಿ ಏರಿಸಿದ್ದು, 'ಪ್ಪೋ' ಎಂದು ಎಳೆದದ್ದು, ಎಲ್ಲ ನನ್ನದೇ. ಹಸೀನಾ ದುಪಟ್ಟಾ ಬಾಯಿಗೆ ತುರುಕಿಕೊಂಡು ಗೋಡೆಯ ಕಡೆ ತಿರುಗಿದಳು, ಬೆನ್ನು ಕುಲುಕುತ್ತಿತ್ತು. ಸನಾ ನಗಲಿಲ್ಲ. ಬೆಂಚಿನ ಮೇಲಿದ್ದ ಮಕ್ಕಳನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಅಷ್ಟು ನಾಚಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ.

ಲೂಸಿಯವರಿಗೆ ಇದಾವುದರ ಅರಿವಿಲ್ಲ. "ಈ ಕೂಗು ಕೇಳಿದರೆ ಅಡುಗೆಮನೆಯವರು ಕೋಲು ಹಿಡಿದು ಬರುತ್ತಾರೆ. ಎಷ್ಟು ಮಕ್ಕಳು ಬದುಕಿದ್ದಾರೋ! ಆದರೆ ಇದರ ಅರ್ಥ ಇಲ್ಲಿ ಯಾರಿಗೂ ತಿಳಿಯದು. ಟೀಚರ್, ಇವತ್ತು ನೀವೇ ಹೇಳಬೇಕು" ಎಂದರು. ಮಕ್ಕಳೆಲ್ಲ ಬಾಯಿ ಮುಚ್ಚಿ ಕಾದರು. ಬಾಗಿಲಲ್ಲಿ ನಿಂತಿದ್ದ ಬಾ ಗ್ರೇಸ್ ನೆಲ ನೋಡುತ್ತಿದ್ದರು. ನಾನು ಚಾಚಿದ್ದ ಕಾಲನ್ನು ಮೆಲ್ಲಗೆ ಬೆಂಚಿನ ಕೆಳಗೆ ಎಳೆದುಕೊಂಡೆ.

ಸನಾ ಎದ್ದು ನಿಂತಳು. ಇಂಗ್ಲಿಷಿನಲ್ಲಿ, ಭಾಷಣದ ದಿನದ ಅದೇ ಗಟ್ಟಿ ದನಿಯಲ್ಲಿ, "ಮಕ್ಕಳೇ, ಹೆದರಬೇಡಿ, ನನ್ನ ಹಿಂದೆ ಬನ್ನಿ ಅಂತ ಅದರ ಅರ್ಥ" ಎಂದಳು.

ತರಗತಿಯೆಲ್ಲ ಚಪ್ಪಾಳೆ. ಇಪ್ಪತ್ತು ವರ್ಷದಲ್ಲಿ ನಾನು ಹೇಳಿದ ಯಾವ ಸುಳ್ಳಿಗೂ ಅಷ್ಟು ಚಪ್ಪಾಳೆ ಬಿದ್ದಿರಲಿಲ್ಲ. ಎಲ್ಲರೂ ನನ್ನ ಕಡೆಯೇ ನೋಡುತ್ತಿದ್ದರು. ಅಭ್ಯಾಸಬಲ ಎಲ್ಲಿ ಹೋಗುತ್ತದೆ, ಮೆಲ್ಲಗೆ ಎದ್ದು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಕೈಮುಗಿದೆ. ಸನಾ ನನ್ನ ಅಂಗಿಯ ಚುಂಗು ಹಿಡಿದು ಎಳೆದಳು.

"ಸಾಕು, ಕುಂದರ್ರಿ ಅಬ್ಬಾ."

ಹದಿನೇಳು ವರ್ಷದಲ್ಲಿ ಅವಳು ನನಗೆ ಕನ್ನಡದಲ್ಲಿ ಹೇಳಿದ ಮೊದಲ ಮಾತು ಅದು. ಕೂತೆ.