ಸಾಂಟಾ ಯಾರ ಅಪ್ಪ ಎಂಬುದನ್ನು ಇನ್ನೊಮ್ಮೆ ಕೇಳುವ ಬಗ್ಗೆ

ಇಂದ:
ಜಯಶೀಲ ಬಂಗೇರ, ಪ್ರಾಯ ಮೂವತ್ತಾರು, ತೂಕ ತೊಂಬತ್ತೆರಡು ಕಿಲೋ,
ವಾಶಿ ಮಾರುಕಟ್ಟೆಯ ಮಸಾಲೆ ಗೋದಾಮಿನಲ್ಲಿ ಕ್ಲರ್ಕ್,
ಸೀನಿಯರ್ ಕೇಜಿಯ ಕುಮಾರಿ ದಿಶಾಳ ತಂದೆ (ಈ ಬಗ್ಗೆ ವಿವಾದವಿದೆ, ಕಲಂ 5 ನೋಡಿ),
ಡೊಂಬಿವಲಿ ಪೂರ್ವ.

ಗೆ:
ಮುಖ್ಯೋಪಾಧ್ಯಾಯಿನಿಯವರು,
ಮಾರ್ನಿಂಗ್ ಡ್ಯೂ ಇಂಗ್ಲಿಷ್ ಮೀಡಿಯಂ ಸ್ಕೂಲ್, ಡೊಂಬಿವಲಿ ಪೂರ್ವ.

ದಿನಾಂಕ: 30-12-1996

ವಿಷಯ: ದಿನಾಂಕ 23ರ ಕ್ರಿಸ್ಮಸ್ ಕಾರ್ಯಕ್ರಮದಲ್ಲಿ ಸಾಂಟಾ ಕ್ಲಾಸ್‌ನಿಂದಾದ ಪ್ರಮಾದ, ತತ್ಸಂಬಂಧ ಕು. ದಿಶಾ ಕೊಟ್ಟ ಹೇಳಿಕೆಯ ಮರುವಿಚಾರಣೆ.

ಉಲ್ಲೇಖ: 1) ಅರ್ಜಿದಾರನು ಕ್ಷಮಾಪಣೆ ಸಲ್ಲಿಸಬೇಕೆಂದು ತಾವು ಬರೆದ 24ರ ಪತ್ರ. ಅದರಲ್ಲಿ ‘ಭಯಾನಕ’ ಎಂಬ ಮಾತು ನಾಲ್ಕು ಸಲ ಬಂದಿದೆ.
2) ಬಾಲಕಿಯ ಮೌಖಿಕ ಹೇಳಿಕೆ: “ನೋ, ಮಿಸ್.”

ಮಾನ್ಯರೇ,

ಮೇಲ್ಕಾಣಿಸಿದ ವಿಷಯದಲ್ಲಿ ಅರ್ಜಿದಾರನು ತಲೆ ತಗ್ಗಿಸಿ ನಿವೇದಿಸಿಕೊಳ್ಳುವುದೇನೆಂದರೆ:

1. ಸಾಂಟಾ ಆಗಲು ಅರ್ಜಿದಾರನು ತಾನಾಗಿ ಬಂದವನಲ್ಲ. “ತಮ್ಮ ಶರೀರ ಈ ಕೆಲಸಕ್ಕೆ ಯೋಗ್ಯವಾಗಿದೆ” ಎಂದು ಮಗುವಿನ ಡೈರಿಯಲ್ಲಿ ಬರೆದು ಕಳಿಸಿದವರು ತಾವು. ಎರಡನೇ ಮಗು ರಿತೇಶನ ನರ್ಸರಿ ಸೀಟು ಆಗ ತಮ್ಮ ಮೇಜಿನ ಮೇಲೆ ಬಾಕಿ ಬಿದ್ದಿತ್ತು. ಕಾರಣ, ಅರ್ಜಿದಾರನ ಶರೀರ ತಕ್ಷಣ ಒಪ್ಪಿಕೊಂಡಿತು. ಅದೇ ಡೈರಿಯಲ್ಲಿ ಜೂನ್ ತಿಂಗಳಲ್ಲಿ, ಮನೆಯಲ್ಲಿ ತುಳು ಮಾತಾಡಿದರೆ ಮಗುವಿನ ಉಚ್ಚಾರ ಕೆಡುತ್ತದೆಂದು ತಾವು ಎಚ್ಚರಿಸಿದ್ದಿರಿ. ಅಂದಿನಿಂದ ಅರ್ಜಿದಾರನು ಸ್ವಂತ ಮನೆಯಲ್ಲಿ ಅವಶ್ಯವಿದ್ದಷ್ಟೇ ಬಾಯಿ ಬಿಡುತ್ತಾನೆ.

2. ಸಾಂಟಾ ಏನು ಮಾಡಬೇಕು ಎಂದು ಕೇಳಿದ್ದಕ್ಕೆ ಕ್ಲಾಸ್ ಟೀಚರು ಹೇಳಿದ್ದು ಇಷ್ಟು: “ಪೀಛೇ ಸೇ ಎಂಟ್ರಿ ಲೇನಾ, ಜೋರ್ ಸೇ ಹಂಸ್ನಾ, ಬಚ್ಚೋಂ ಕೋ ಥ್ರಿಲ್ ಹೋನಾ ಚಾಹಿಯೇ.” ಅರ್ಥಾತ್, ಹಿಂದಿನಿಂದ ಬರಬೇಕು, ಜೋರಾಗಿ ನಗಬೇಕು, ಮಕ್ಕಳು ರೋಮಾಂಚನಗೊಳ್ಳಬೇಕು. ಅರ್ಜಿದಾರನು ಡೊಂಬಿವಲಿಯ ಯಕ್ಷಗಾನ ಮಂಡಳಿಯಲ್ಲಿ ಒಂಬತ್ತು ವರ್ಷದಿಂದ ರಾಕ್ಷಸ ವೇಷ ಹಾಕುತ್ತಿರುವವನು. ಜನರ ನಡುವೆ ಹಿಂದಿನಿಂದ ಬಂದು, ಬರುವ ಮೊದಲೇ ಗಹಗಹಿಸಿ ನಗುವ ದಪ್ಪ ಮನುಷ್ಯ ಅವನಿಗೆ ತಿಳಿದಂತೆ ಲೋಕದಲ್ಲಿ ಒಬ್ಬನೇ: ಮಹಿಷಾಸುರ. ಈ ಸಾಂಟಾ ಎಂಬವರು ಬೇರೆ ಥರದ ದೊಡ್ಡವರು ಎಂದು ಯಾರೂ ತಿಳಿಸಲಿಲ್ಲ.

3. ಆದ್ದರಿಂದ ಅರ್ಜಿದಾರನು ಮಂಡಳಿಯ ಚೆಂಡೆಗಾರ ವಸಂತಕುಮಾರನನ್ನು ಕರೆದುಕೊಂಡು ಬಂದನು. ಶಾಲೆಯ ಮೆಟ್ಟಿಲಲ್ಲಿ ಅವನಿಗೂ ಒಂದು ಅನುಮಾನ ಬಂತು. “ಜಯಶೀಲಣ್ಣ, ಕ್ರಿಸ್ಮಸಿಗೆ ಚೆಂಡೆ ಉಂಟಾ?” ಎಂದು ಕೇಳಿದ. “ಅಷ್ಟು ದೂರದಿಂದ ಬರುವವ, ಸುಮ್ಮನೆ ನಡ್ಕೊಂಡು ಬರ್ತಾನಾ ಮಾರಾಯ?” ಎಂದು ಅರ್ಜಿದಾರನು ಅವನ ಬಾಯಿ ಮುಚ್ಚಿಸಿದ. ದೊಂದಿ ಹಿಡಿದು ರಾಳದ ಪುಡಿ ಎರಚಿ ಬೆಂಕಿ ಎಬ್ಬಿಸುವ ಪದ್ಧತಿಯನ್ನು ಶಾಲೆಯ ಪೀಠೋಪಕರಣಗಳ ಮೇಲಿನ ಗೌರವದಿಂದ ಕೈಬಿಡಲಾಯಿತು. ತಮ್ಮ ಪತ್ರದಲ್ಲಿ ಈ ಸಂಯಮದ ಉಲ್ಲೇಖವಿಲ್ಲ.

4. ನಂತರ ನಡೆದದ್ದು ತಮಗೆ ಗೊತ್ತೇ ಇದೆ. ಚೆಂಡೆ ಬಡಿಯಿತು. ಅರ್ಜಿದಾರನು ಬಾಗಿಲಲ್ಲಿ ನಿಂತು ಆರ್ಭಟ ಕೊಟ್ಟು, ಕೆಂಪು ಬಟ್ಟೆ, ಹತ್ತಿಯ ಗಡ್ಡ ಸಮೇತ ಮಕ್ಕಳ ನಡುವೆ ಗಿರಗಿರನೆ ಸುತ್ತಿ ಹಾರುವ ಧಿಂಗಿಣ ಹಾಕುತ್ತಾ ನುಗ್ಗಿದನು. ಯೇಸು ಜನನದ ರೂಪಕಕ್ಕೆ ಕುರಿಗಳಾಗಿದ್ದ ಎಂಟು ಮಕ್ಕಳು ದಿಕ್ಕಾಪಾಲಾದರು. ಯೋಸೇಫನಾಗಿದ್ದ ಬಾಲಕ ಹೆಂಡತಿ ಮಗುವನ್ನು ಅಲ್ಲೇ ಬಿಟ್ಟು ಎಲ್ಲರಿಗಿಂತ ಮೊದಲು ಓಡಿದ. ಐದಾರು ಮಕ್ಕಳ ಚಡ್ಡಿ ಒದ್ದೆಯಾದ ಬಗ್ಗೆ ಅರ್ಜಿದಾರನಿಗೆ ನಿಜವಾಗಿ ಬೇಸರವಿದೆ. ಅಳದೆ ಕುಳಿತಿದ್ದ ಮಗು ಇಡೀ ಸಭಾಂಗಣದಲ್ಲಿ ಒಂದೇ. ಅದು ಮೂರನೇ ಸಾಲಿನಲ್ಲಿ, ಡ್ರಾಯಿಂಗ್ ಪೇಪರಿನ ರೆಕ್ಕೆ ಕಟ್ಟಿಕೊಂಡು ದೇವದೂತೆಯಾಗಿದ್ದ ಕು. ದಿಶಾ. ಕಾರಣ, ಅವಳು ಹಾಲು ಕುಡಿಯುವ ಕಾಲದಿಂದ ವೇಷ ಕಟ್ಟುವ ಚೌಕಿಯಲ್ಲಿ, ಬಣ್ಣ ಹಚ್ಚಿಕೊಂಡ ಇದೇ ರಾಕ್ಷಸನ ತೊಡೆಯ ಮೇಲೆ ನಿದ್ದೆ ಮಾಡಿದವಳು. ಆರ್ಭಟ ಕೇಳಿದ ಕೂಡಲೇ ಇದು ಅಪ್ಪ ಎಂದು ಅವಳಿಗೆ ಗೊತ್ತಾಗಿತ್ತು. ಇದರಲ್ಲಿ ಎರಡು ಮಾತಿಲ್ಲ.

5. ಆಗ ಒಂದು ಕುರಿಯ ತಾಯಿ ಎದ್ದುನಿಂತು, “ಕೋಣಾಚಾ ಬಾಪ್ ಆಹೇ ಹಾ?” ಎಂದು ಕಿರುಚಿದರು, ಇವನು ಯಾರ ಅಪ್ಪ ಎಂದು ಅವರ ಪ್ರಶ್ನೆ. ತಾವು ಮೈಕ್ ಹಿಡಿದು ದಿಶಾಳ ಕಡೆ ತಿರುಗಿ, ಇದು ಅವಳ ಪಪ್ಪನೇನು ಎಂದು ಇಂಗ್ಲಿಷಿನಲ್ಲಿ ಕೇಳಿದಿರಿ. ಅವಳು ಅರ್ಜಿದಾರನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. “ನೋ, ಮಿಸ್. ಮೈ ಪಪ್ಪಾ ಈಸ್ ಇನ್ ಆಫೀಸ್” ಎಂದಳು. ಉಚ್ಚಾರ ಚೆನ್ನಾಗಿತ್ತು. ಅದಕ್ಕಾಗಿ ತಮಗೆ ಅಭಿನಂದನೆಗಳು.

6. ಅರ್ಜಿದಾರನ ಹೆಂಡತಿ ಸುಲೋಚನಾ ಇದಕ್ಕೆ ಸಮಾಧಾನ ಹೇಳಿದ್ದಾಳೆ. ಸಾಂಟಾ ಯಾರೆಂದು ಗುರುತು ಸಿಕ್ಕಿದರೂ ಹೇಳಬಾರದು, ಹೇಳಿದವರಿಗೆ ಗಿಫ್ಟ್ ಇಲ್ಲ ಎಂದು ಟೀಚರು ಮೊದಲೇ ತರಗತಿಯಲ್ಲಿ ಸಾರಿದ್ದರಂತೆ. (ಆ ಗಿಫ್ಟುಗಳನ್ನು ಅಪ್ಪಂದಿರೇ ಕೊಂಡು, ಕಾಗದ ಸುತ್ತಿ, ಮುಂಚಿತವಾಗಿ ಆಫೀಸಿಗೆ ತಲುಪಿಸಬೇಕೆಂಬ ಸುತ್ತೋಲೆಯನ್ನೂ ಇಲ್ಲಿ ನೆನಪಿಸಲಾಗಿದೆ.) “ಟೀಚರ್ ಹೇಳಿದ ಹಾಗೆ ಮಾಡಿದ್ಳು ಅಷ್ಟೇ. ನೀವು ಎಂತ ಕೋರ್ಟಿಗೆ ಹೋಗುವವರ ಹಾಗೆ ಮುಖ ಮಾಡಿದ್ದು?” ಎಂದು ಸುಲೋಚನಾ ಗದರಿಸಿದಳು. ಅರ್ಜಿದಾರನು ಆ ಮಾತನ್ನು ನಂಬಿದ. ಊಟ ಮಾಡಿದ.

7. ಆದರೆ ಮರುದಿನ ಬೆಳಿಗ್ಗೆ, ರಜೆಗೆ ಮುಂಚಿನ ಕೊನೆಯ ದಿನ, ಶಾಲೆಯ ರಸ್ತೆಯ ಮೂಲೆಯಲ್ಲಿ ದಿಶಾ ಅವನ ಬೆರಳು ಬಿಟ್ಟಳು. “ಗೇಟ್ ತಕ್ ಮತ್ ಆನಾ, ಪಪ್ಪಾ” ಎಂದಳು. ಗೇಟಿನವರೆಗೆ ಬರಬೇಡ ಎಂದರೆ, ಅದಕ್ಕೆ ಯಾವ ಗಿಫ್ಟಿನ ನಿಯಮವೂ ಇಲ್ಲ. ಗಿಫ್ಟು ಹಿಂದಿನ ದಿನವೇ ಕೈಗೆ ಸಿಕ್ಕಿತ್ತು. ಅರ್ಜಿದಾರನು ಅಲ್ಲೇ ನಿಂತು ಅವಳು ಒಳಗೆ ಹೋಗುವವರೆಗೆ ನೋಡಿದ. ಆ ದಿನ ಅವನು ಲೋಕಲ್ ರೈಲು ತಪ್ಪಿಸಿಕೊಂಡು ಗೋದಾಮಿಗೆ ಒಂದು ಗಂಟೆ ತಡವಾಗಿ ಹೋದ.

8. ಅರ್ಜಿದಾರನೇ ಮಗಳನ್ನು ಕೇಳಬಹುದಿತ್ತಲ್ಲ ಎಂದು ತಾವು ಆಕ್ಷೇಪಿಸಬಹುದು. ಅವನು ಈ ರಜೆಯಲ್ಲಿ ಮೂರು ಸಲ ಕೇಳಲು ಬಾಯಿ ತೆರೆದಿದ್ದಾನೆ. ಮೂರು ಸಲವೂ “ಹಾಲು ಕುಡಿದಿಯಾ?” ಎಂದು ಕೇಳಿ ಮುಗಿಸಿದ್ದಾನೆ. ನೂರಾರು ಜನರೆದುರು ದೇವಿಯ ಮೇಲೆ ಯುದ್ಧಕ್ಕೆ ಹೋಗುವವನಿಗೆ ಐದು ವರ್ಷದ ಹುಡುಗಿಯ ಒಂದು ಉತ್ತರ ಕೇಳುವ ಧೈರ್ಯವಿಲ್ಲ. ಅವಳು ಹೇಳಿದ್ದು ಗಿಫ್ಟಿನ ಆಸೆಗೋ, ಅಪ್ಪನ ಬಗೆಗಿನ ನಾಚಿಕೆಗೋ, ಅದೊಂದು ತಿಳಿದರೆ ಸಾಕು.

ಆದ್ದರಿಂದ, ತಾವು ಕೇಳಿದ ಕ್ಷಮಾಪಣೆಯನ್ನು ಅರ್ಜಿದಾರನು ಬೇಷರತ್ತಾಗಿ ಸಲ್ಲಿಸಿದ್ದಾನೆ. ಪ್ರತಿಯಾಗಿ, ಜನವರಿ 2ರಂದು ಶಾಲೆ ತೆರೆದಾಗ ಪ್ರಾರ್ಥನೆಯ ನಂತರ ತಾವು ಮಕ್ಕಳಿಗೆ, ಕ್ರಿಸ್ಮಸ್ ಮುಗಿದಿರುವ ಕಾರಣ ಸಾಂಟಾ ನಿಯಮ ರದ್ದಾಗಿದೆ, ಕೊಟ್ಟ ಗಿಫ್ಟನ್ನು ಯಾರಿಂದಲೂ ವಾಪಸು ಪಡೆಯುವುದಿಲ್ಲ ಎಂದು ಘೋಷಿಸಿ, ಬಳಿಕ “ಅವತ್ತು ಬಂದದ್ದು ಯಾರ ಅಪ್ಪ? ಕೈ ಎತ್ತಿ” ಎಂದು ಒಮ್ಮೆ ಕೇಳುವ ಕೃಪೆ ಮಾಡಬೇಕು. ರಿತೇಶನ ಸೀಟಿನ ವಿಚಾರ ತಮ್ಮ ಚಿತ್ತ.

ತಮ್ಮ ವಿಶ್ವಾಸಿಯಾಗಿಯೇ ಉಳಿಯಲು ಯತ್ನಿಸುತ್ತಿರುವ,
(ಜಯಶೀಲ ಬಂಗೇರ)

ಅಡಕಗಳು:
1) ಕ್ಷಮಾಪಣೆ ಪತ್ರ, ಮೂರು ಪ್ರತಿ. ಒಂದು ಕುರಿಯ ತಾಯಿಗೆ.
2) ಸಾಂಟಾ ಉಡುಪು, ಒಗೆದು ಇಸ್ತ್ರಿ ಮಾಡಿದ್ದು. ಗಡ್ಡ ಅರ್ಧ ಮಾತ್ರ; ಉಳಿದರ್ಧ ಯೋಸೇಫನ ಕೈಗೆ ಸಿಕ್ಕಿ ಅವನ ಜೊತೆ ಓಡಿದೆ.
3) ಈ ಅರ್ಜಿಯ ಇಂಗ್ಲಿಷ್ ಅನುವಾದ, ವಸಂತಕುಮಾರನ ಕೈಬರಹದಲ್ಲಿ. ‘ಧಿಂಗಿಣ’ಕ್ಕೆ ಅವನಿಗೆ ಶಬ್ದ ಸಿಕ್ಕಿಲ್ಲ, ಆ ಜಾಗ ಖಾಲಿ ಇದೆ.

ವಿ.ಸೂ.: ಯಾವ ಕೈಯೂ ಮೇಲೇಳದಿದ್ದಲ್ಲಿ, ಎರಡನೇ ಸಲ ಕೇಳಬಾರದಾಗಿಯೂ, ಆ ಸಂಗತಿಯನ್ನು ಅರ್ಜಿದಾರನಿಗೆ ತಿಳಿಸಬಾರದಾಗಿಯೂ ವಿನಂತಿ.