ಐದು ತಾಸಿನ ಕಾವಲು

ಈರಬಸಪ್ಪನ ಮಂಡಿಗಳ ನಡುವೆ ಸಿಕ್ಕಿಕೊಂಡಿದ್ದ ಕುರಿಯ ಉಣ್ಣೆ ಅರ್ಧ ಇಳಿದಿತ್ತು. ಅಷ್ಟರಲ್ಲಿ ನಾಗರಾಜಪ್ಪ ಮೇಷ್ಟ್ರು ಕುರಿಹಟ್ಟಿಯ ಬೇಲಿ ದಾಟಿ ಬಂದರು.

“ದಿಲ್ಲಿ ಕಾಗದಕ್ಕೆ ಜವಾಬು ಇವತ್ತೇ ಹೋಗ್ಬೇಕಪ್ಪ. ಸೂರಿಗೆ ಸಿಗಿಸಿ ಹನ್ನೆರಡು ದಿನದಿಂದ ಕುಂತೀಯಲ್ಲ!”

ಅದು ಎಪ್ಪತ್ತನಾಲ್ಕನೇ ಇಸವಿ. ದಿಲ್ಲಿಯಲ್ಲಿ ಕಂಬಳಿ ಪ್ರದರ್ಶನ. ಮದಕರಿಪುರದ ನೇಯುವವರಲ್ಲಿ ಒಬ್ಬರು ಹೋಗಬೇಕು. ಬೆಂಗಳೂರಿನಿಂದ ವಿಮಾನ, ಖರ್ಚು ಸರ್ಕಾರದ್ದು. ಊರು ಈರಬಸಪ್ಪನನ್ನು ಆರಿಸಿತ್ತು. ಮೇಷ್ಟ್ರು ಕಾಗದ ಓದಿದಾಗ ‘ವಿಮಾನ’ ಎಂಬ ಮಾತಿನ ಆಚೆಗೆ ಅವನ ಕಿವಿಗೆ ಏನೂ ಹೋಗಿರಲಿಲ್ಲ. ಆದರೆ ಇಪ್ಪತ್ತು ಕುರಿ ಇವತ್ತೋ ನಾಳೆಯೋ ಈಯುವಂತಿದ್ದವು. ಅವನ್ನು ಕಾಯಬಲ್ಲವನು ಹೆಂಡತಿಯ ತಮ್ಮ ನಿಂಗಪ್ಪ ಒಬ್ಬನೇ. ಕಾದ ಹೊತ್ತಿನಲ್ಲಿ ಹುಟ್ಟಿದ ಮರಿಗಳಲ್ಲಿ ಮೂರಕ್ಕೊಂದು ಕಾದವನಿಗೆ ಸೇರಬೇಕೆಂಬುದು ಅವರ ಪದ್ಧತಿ.

ಮಾತು ಕೇಳಿಸಿದ್ದೇ ನಿಂಗಪ್ಪ ಬಂದುಬಿಟ್ಟ. “ಭಾವ, ಕುರಿ ಹೊಡ್ಕಂಡು ದಿನಕ್ಕೆ ನಾಕು ಹರದಾರಿ ನಡೆದ್ರೆ ದಿಲ್ಲಿ ನಾಕು ತಿಂಗ್ಳ ದಾರಿ. ಹೋಗಾಕೆ ನಾಕು, ಬರಾಕೆ ನಾಕು. ಎಲ್ಲಾ ಕುರೀನೂ ಈದು ಮುಗಿತಾವೆ!”

“ಲೇ, ನಾನೇನು ಕುರಿ ಹೊಡ್ಕಂಡು ಹೊಂಟೀನೇನ್ಲೇ?”

ಮೇಷ್ಟ್ರು ಬೆರಳು ಮಡಚಿದರು. “ವಿಮಾನದಾಗೆ ಹೋದ್ರೆ ಸಾವಿರದ ಏಳ್ನೂರು ಕಿಲೋಮೀಟರು. ಎರಡೂವರೆ ತಾಸು.”

“ಹಿರಿಯೂರಿಂದ ಹೊಸದುರ್ಗಕ್ಕೆ ಬಸ್ಸೇ ಅಷ್ಟು ಹೊತ್ತು ತಗಂತೈತಲ್ರೀ!” ನಿಂಗಪ್ಪ ನಂಬಲಿಲ್ಲ.

ಹಟ್ಟಿಗೆ ಹೊಂದಿದ ಮನೆಯ ಒಲೆಯ ಮುಂದಿನಿಂದ ಈರಬಸಪ್ಪನ ಹೆಂಡತಿ ಕಾಳಕ್ಕ ಗಂಡನ ಪರ ವಹಿಸಿದಳು. “ಮ್ಯಾಲಿನ ದಾರೀಲಿ ಕೈ ಅಡ್ಡ ಹಾಕೋರು ಯಾರವ್ರೆ ಹೇಳು? ಮೇಕೆ ಹತ್ತಿಸೋರಿಲ್ಲ, ಕಂಡಕ್ಟರ್ ತಾವ ಜಗಳ ಆಡೋರಿಲ್ಲ.”

ಈರಬಸಪ್ಪನ ಮುಖ ಉಪ್ಪು ಕಂಡ ಆಡಿನಂತೆ ಅರಳಿತು. “ಹಂಗಾರೆ ಹೋಗಾಕೆ ಎರಡೂವರೆ, ಬರಾಕೆ ಎರಡೂವರೆ. ನೀನು ಕಾಯೋದು ಐದೇ ತಾಸು ನಿಂಗ. ಅಷ್ಟರಾಗೆ ಹುಟ್ಟಿದ್ರಾಗೆ ಮೂರಕ್ಕೊಂದು ನಿಂದು. ಭಂಡಾರ ಮುಟ್ಟು!”

ನಿಂಗಪ್ಪ ತಲೆ ಕೆರೆದುಕೊಂಡು, ದೇವರ ಮುಂದಿನ ಅರಿಸಿನದ ಭಂಡಾರ ತಂದು ಆಣೆಗೆಂದು ಮುಟ್ಟಿದ. ಈರಬಸಪ್ಪನೂ ಕುರಿ ಬಿಡದೆ ಕೈ ಚಾಚಿ ಮುಟ್ಟಿದ. ಪಕ್ಕದ ಮನೆಯ ಮುದುಕಿ ಏಕನಾಥಮ್ಮ ಸಾಕ್ಷಿಯಾದಳು.

ಮೇಷ್ಟ್ರು ಬರೆಯಲು ಕುಳಿತರು. “ಪ್ರದರ್ಶನದ ಹತ್ತು ದಿನಾನೂ ಅಲ್ಲೇ ಇರ್ತೀನಿ ಅಂತ ಬರೀಲೇನು?”

“ಹತ್ತು ದಿನಾನಾ?” ಈರಬಸಪ್ಪನ ಹಿಡಿತ ಸಡಿಲವಾಯಿತು. ಅರ್ಧ ಉಣ್ಣೆಯ ಕುರಿ ಎದ್ದು ಓಡಿತು.

“ನನ್ನ ಐದು ತಾಸು ನಾನು ಕಾಯ್ತೀನಿ ಭಾವ,” ನಿಂಗಪ್ಪ ತಣ್ಣಗೆ ಹೇಳಿದ. “ಆಮೇಲೆ ಮನೆಗೆ ಹೋಗಿ ಮಲಿಕ್ಕಂತೀನಿ.”

“ಹಂಗಲ್ಲ ಕಣೋ, ಮಾತು ಬದಲಿಸಾಣ...”

“ಭಂಡಾರ ಮುಟ್ಟಿ ಆಡಿದ್ನ ಬದಲಿಸ್ತೀಯೇನೋ?” ಏಕನಾಥಮ್ಮ ಕೋಲು ಕುಟ್ಟಿದಳು.

ಮೇಷ್ಟ್ರು ಪೆನ್ನು ಎತ್ತಿ ಹಿಡಿದರು. “ಯಾರ ಹೆಸರು ಬರೀಲಿ ಹೇಳ್ರಪ್ಪ. ಚಿತ್ರದುರ್ಗದಿಂದ ಟಪಾಲು ಹೊರಡ್ತೈತೆ.”

“ನಂದು ಬರೀರಿ,” ಎಂದ ನಿಂಗಪ್ಪ. “ನಂಗೆ ಮಗ್ಗ ಐತೆ, ಕುರಿ ಇಲ್ಲ.”

ಹತ್ತು ದಿನ ಕುರಿ ಕಾಯಲು ಬೇರೆ ಯಾರೂ ಇರಲಿಲ್ಲ. ಮೇಷ್ಟ್ರು ಬರೆದು ಲಕೋಟೆ ಅಂಟಿಸಿದರು.

“ದುರ್ಗಕ್ಕೆ ನೀನೇ ಹೋಗಿ ಹಾಕಿ ಬಾ ಭಾವ,” ಎಂದು ನಿಂಗಪ್ಪ ಹಟ್ಟಿಯ ಬಾಗಿಲಲ್ಲಿ ಕಂಬಳಿ ಹಾಸಿ ಕುಳಿತ. “ಐದು ತಾಸು ಈಗ್ಲೇ ಕಾದು ಮುಗಿಸ್ತೀನಿ. ಆಡಿದ ಮಾತು ತಪ್ಪಬಾರ್ದು ನೋಡು.”

ಈರಬಸಪ್ಪ ಬೇಲಿ ದಾಟುವಾಗಲೇ ಮೂರು ಕುರಿ ಈಯುವ ಬೇನೆ ತಿನ್ನುತ್ತಿದ್ದವು; ಅವುಗಳಲ್ಲಿ ಒಂದರ ಮರಿ ಆಗಲೇ ನಿಂಗಪ್ಪನದು. ಓಡುತ್ತ, ನಡೆಯುತ್ತ ದುರ್ಗ ಸೇರಿ, ಅಂಚೆ ಕಚೇರಿಯ ಕೆಂಪು ಡಬ್ಬಿಯ ಬಾಯಿಗೆ ಕಾಗದವನ್ನು ತನ್ನ ಕೈಯಾರೆ ತುರುಕಿದ.